ನಿಂತ ಅಕ್ಷರಗಳು ಮತ್ತೆ ಓಡಬಲ್ಲವು

ಬ್ಯಾಂಕಿನಲ್ಲಿ ಸರದಿಗಾಗಿ ಕಾದು ಕೂತವರಿಗೆಲ್ಲ ಒಂದು ಕಾಲದಲ್ಲಿ ಚಿರಪರಿಚಿತವಾಗಿದ್ದ ನೋಟವೊಂದಿದೆ. ಗೋಡೆಯ ಮೇಲೆ, ಗಡಿಯಾರದ ಕೆಳಗೆ, ಸುಮಾರು ಒಂದು ಮಾರು ಉದ್ದದ ಕಪ್ಪು ಪೆಟ್ಟಿಗೆ. ಅದರ ಬಲತುದಿಯಲ್ಲಿ ಹುಟ್ಟಿ, ಎಡತುದಿಯಲ್ಲಿ ಮಾಯವಾಗುವ ಕೆಂಪು ಅಕ್ಷರಗಳ ಸಾಲು. ಠೇವಣಿಯ ಬಡ್ಡಿದರ, ನಾಳೆಯ ರಜೆ, ಹಬ್ಬದ ಶುಭಾಶಯ, ಮತ್ತೆ ಅದೇ ಬಡ್ಡಿದರ. ಔಷಧಿ ಅಂಗಡಿ, ಚಿನ್ನದ ಅಂಗಡಿ, ರೈಲು ನಿಲ್ದಾಣ, ದೇವಸ್ಥಾನದ ಸೇವಾ ಕೌಂಟರ್ ಎಲ್ಲೆಡೆಯೂ ಈ ಪೆಟ್ಟಿಗೆ ಇತ್ತು. ಓದಬೇಕೆಂಬ ಆಸೆ ಇಲ್ಲದವರೂ ಓದಿಯೇ ಓದುತ್ತಿದ್ದರು. ಚಲಿಸುವುದರತ್ತ ಕಣ್ಣು ತಾನಾಗಿ ಹರಿಯುತ್ತದೆ.

ಈಗ ಆ ಜಾಗಕ್ಕೆ ಬಣ್ಣದ ಟಿ.ವಿ. ಪರದೆ ಬಂದಿದೆ. ಹಳೆಯ ಪೆಟ್ಟಿಗೆಗಳಲ್ಲಿ ಕೆಲವು ಗೋಡೆಯ ಮೇಲೆಯೇ ಕತ್ತಲಾಗಿ ಉಳಿದಿವೆ. ಉಳಿದವು ಅಟ್ಟಕ್ಕೆ ಏರಿವೆ, ಇಲ್ಲವೆ ತೂಕದ ಲೆಕ್ಕದಲ್ಲಿ ಗುಜರಿ ಅಂಗಡಿ ಸೇರಿವೆ. ‘ಕೆಟ್ಟುಹೋಗಿದೆ, ರಿಪೇರಿ ಇಲ್ಲ’ ಎಂಬುದು ಅವುಗಳ ಬಗ್ಗೆ ಹೇಳುವ ಕೊನೆಯ ಮಾತು. ಆದರೆ ಈ ಮಾತು ಹೆಚ್ಚಿನ ಸಂದರ್ಭಗಳಲ್ಲಿ ಅರ್ಧಸತ್ಯ. ಪೆಟ್ಟಿಗೆಯ ದೀಪಗಳು ಬದುಕಿರುತ್ತವೆ. ಸತ್ತಿರುವುದು, ಅಥವಾ ಮರೆತಿರುವುದು, ಅದರ ಮಿದುಳು ಮಾತ್ರ. ಕೆಲವು ನೂರು ರೂಪಾಯಿಗೆ ಸಿಗುವ ಒಂದು ಮೈಕ್ರೊಕಂಟ್ರೋಲರ್ ಅದಕ್ಕೆ ಹೊಸ ಮಿದುಳಾಗಬಲ್ಲದು. ಅಷ್ಟೇ ಅಲ್ಲ, ಹಿಂದೆ ಆ ಪೆಟ್ಟಿಗೆ ಎಂದೂ ಸರಿಯಾಗಿ ಹೇಳಲಾಗದಿದ್ದ ಒಂದು ಭಾಷೆಯನ್ನು, ಅಂದರೆ ಕನ್ನಡವನ್ನು, ಅದಕ್ಕೆ ಕಲಿಸಲೂ ಬಹುದು.

ಬಲ್ಬಿನಿಂದ ಬಿಂದುವಿಗೆ

ಬೆಳಕಿನಲ್ಲಿ ಅಕ್ಷರಗಳನ್ನು ಓಡಿಸುವ ಯೋಚನೆ ಎಲ್‌ಇಡಿಗಿಂತ ಹಳೆಯದು. 1928ರ ನವೆಂಬರ್ 6ರಂದು ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆ. ಅಂದಿನ ರಾತ್ರಿ ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ ನೆರೆದ ಜನ, ಹರ್ಬರ್ಟ್ ಹೂವರ್ ಗೆದ್ದ ಸುದ್ದಿಯನ್ನು ಟೈಮ್ಸ್ ಕಟ್ಟಡದ ಸುತ್ತ ಓಡುತ್ತಿದ್ದ ಬೆಳಕಿನ ಅಕ್ಷರಗಳಲ್ಲಿ ಓದಿದರು. ಆ ಪಟ್ಟಿಯಲ್ಲಿ ಇದ್ದವು 14,800 ಮಾಮೂಲಿ ಬಲ್ಬುಗಳು. ಅವನ್ನು ಬೆಳಗಿಸಲು ಕಂಪ್ಯೂಟರ್ ಇರಲಿಲ್ಲ. ಅಚ್ಚಿನ ಮೊಳೆ ಜೋಡಿಸುವ ಹಾಗೆ ಅಕ್ಷರದ ಅಚ್ಚುಗಳನ್ನು ಕೈಯಿಂದ ಜೋಡಿಸಿ ಸಾಗಿಸುತ್ತಿದ್ದರು. ಸಾಗುವ ಅಚ್ಚು ವಿದ್ಯುತ್ ತುದಿಗಳಿಗೆ ತಾಗಿದಾಗ ಆಯಾ ಬಲ್ಬು ಹೊತ್ತಿಕೊಳ್ಳುತ್ತಿತ್ತು. ಪತ್ರಿಕೆಯ ಮೊಳೆಗಳೇ ಕಟ್ಟಡದ ಹೊರಗೆ ಬಂದು ನಡೆದಂತಿತ್ತು ಈ ಏರ್ಪಾಡು.

ಬಲ್ಬಿಗೆ ಆಯುಷ್ಯ ಕಡಿಮೆ, ಶಾಖ ಹೆಚ್ಚು. ಅಂಗಡಿಯೊಳಗಿನ ಚಿಕ್ಕ ಪೆಟ್ಟಿಗೆಗೆ ಅದು ಒಗ್ಗುವಂಥದಲ್ಲ. ಬೇಕಾಗಿದ್ದುದು ತಣ್ಣಗಿನ, ಚಿಕ್ಕ, ಸೋವಿಯ ಬೆಳಕು. ಹರಳಿನ ಮೂಲಕ ವಿದ್ಯುತ್ ಹರಿಸಿದರೆ ಬೆಳಕು ಬರುವುದನ್ನು ಇಂಗ್ಲೆಂಡಿನ ಎಚ್.ಜೆ. ರೌಂಡ್ 1907ರಲ್ಲೇ ಕಂಡಿದ್ದ. ರಷ್ಯದ ಒಲೆಗ್ ಲೋಸೆವ್ 1920ರ ದಶಕದಲ್ಲಿ ಅದನ್ನು ಇನ್ನೂ ಆಳವಾಗಿ ಅಭ್ಯಸಿಸಿದ. ಆದರೆ ಕಣ್ಣಿಗೆ ಕಾಣುವ ಕೆಂಪು ಬೆಳಕಿನ, ಬಳಕೆಗೆ ಒದಗುವ ಎಲ್‌ಇಡಿಯನ್ನು ತಯಾರಿಸಿದ್ದು 1962ರಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ನಿಕ್ ಹೊಲೊನ್ಯಾಕ್. 1968ರ ವೇಳೆಗೆ ಮೊನ್ಸಾಂಟೊ ಮತ್ತು ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಗಳು ಅದನ್ನು ಮಾರುಕಟ್ಟೆಗೆ ತಂದವು. ಹಳೆಯ ಫಲಕಗಳೆಲ್ಲ ಬಹುಪಾಲು ಕೆಂಪಾಗಿರುವುದಕ್ಕೆ ಕಾರಣ ಇದೇ. ಮೊದಲು ಸಿಕ್ಕಿದ್ದು ಕೆಂಪು, ಅಗ್ಗವಾದದ್ದೂ ಕೆಂಪು. ಹೊಳಪುಳ್ಳ ನೀಲಿ ಎಲ್‌ಇಡಿ ಜಪಾನಿನಿಂದ ಬರಲು 1993 ಆಗಬೇಕಾಯಿತು. ಆ ನೀಲಿಗಾಗಿ ದುಡಿದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು.

ಬೆಳಕು ಸಿಕ್ಕಿತು, ಅದನ್ನು ಆಳುವ ಮಿದುಳು ಬೇಕಲ್ಲ? ಲೆಕ್ಕ ಮಾಡುವ ಭಾಗ, ನೆನಪು, ಹೊರಗಿನ ತಂತಿಗಳಿಗೆ ಬಾಗಿಲು ಎಲ್ಲವನ್ನೂ ಒಂದೇ ಚಿಪ್ಪಿನಲ್ಲಿ ಅಡಗಿಸಿದ್ದೇ ಮೈಕ್ರೊಕಂಟ್ರೋಲರ್. ಇಂಟೆಲ್ ಸಂಸ್ಥೆ 1980ರಲ್ಲಿ ತಂದ 8051 ಅವುಗಳಲ್ಲಿ ಹೆಸರಾದದ್ದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಎಷ್ಟೋ ತಲೆಮಾರುಗಳು ಪ್ರಯೋಗಶಾಲೆಯಲ್ಲಿ ಮೊದಲು ಕೈಯಾಡಿಸಿದ್ದು ಇದರ ಮೇಲೆಯೇ. ಹಳೆಯ ಫಲಕವೊಂದನ್ನು ಬಿಚ್ಚಿದರೆ 40 ಕಾಲುಗಳ ಈ ಚಿಪ್ಪೋ ಅದರ ಸಂಬಂಧಿಯೋ ಕಾಣಸಿಗುವುದು ಅಪರೂಪವಲ್ಲ.

ಓಡುವುದು ಅಕ್ಷರವಲ್ಲ

ಸಾಮಾನ್ಯ ಫಲಕವೊಂದನ್ನು ತೆಗೆದುಕೊಳ್ಳೋಣ. ಅದರಲ್ಲಿ ಅಡ್ಡಸಾಲುಗಳು 7, ಕಂಬಸಾಲುಗಳು 80. ಅಂದರೆ ಒಟ್ಟು 560 ಕೆಂಪು ಬಿಂದುಗಳು. ಒಂದೊಂದಕ್ಕೂ ಪ್ರತ್ಯೇಕ ತಂತಿ ಎಳೆದರೆ 560 ತಂತಿ ಬೇಕು. ಅಷ್ಟು ಕಾಲುಗಳುಳ್ಳ ಚಿಪ್ ಎಲ್ಲಿ ತರುವುದು? ಇದಕ್ಕೆ ತಯಾರಕರು ಹೂಡಿದ ಉಪಾಯ ಬಹಳ ಜಾಣತನದ್ದು.

ಒಂದು ಹೊತ್ತಿಗೆ ಒಂದೇ ಅಡ್ಡಸಾಲನ್ನು ಬೆಳಗಿಸುವುದು. ಮೊದಲ ಸಾಲಿನಲ್ಲಿ ಯಾವ ಬಿಂದುಗಳು ಹೊತ್ತಬೇಕೋ ಅವನ್ನು ಹೊತ್ತಿಸಿ, ಕ್ಷಣದಲ್ಲೇ ಆರಿಸಿ, ಎರಡನೆಯ ಸಾಲಿಗೆ ಹೋಗುವುದು. ಹೀಗೆ ಏಳೂ ಸಾಲು ಮುಗಿಸಿ ಮತ್ತೆ ಮೊದಲಿಗೆ ಬರುವುದು. ಈ ಸುತ್ತು ಸೆಕೆಂಡಿಗೆ 100 ಸಲ ನಡೆಯಿತೆಂದರೆ ಒಂದೊಂದು ಸಾಲು ಬೆಳಗುವುದು ಸೆಕೆಂಡಿನ 700ನೇ ಒಂದು ಭಾಗದಷ್ಟು ಹೊತ್ತು. ಕಣ್ಣಿಗೆ ಇಷ್ಟು ಬೇಗ ಬದಲಾಗುವುದನ್ನು ಬಿಡಿಸಿ ನೋಡುವ ಶಕ್ತಿ ಇಲ್ಲ. ಅದಕ್ಕೆ ಇಡೀ ಫಲಕ ಏಕಕಾಲಕ್ಕೆ ಬೆಳಗಿದಂತೆಯೇ ಕಾಣುತ್ತದೆ. ಸಿನಿಮಾ ನೋಡುವಾಗ ನಾವು ಮೋಸಹೋಗುವುದೂ ಹೆಚ್ಚುಕಡಿಮೆ ಹೀಗೆಯೇ.

ಒಂದು ಸಾಲಿನ 80 ಬಿಂದುಗಳಿಗೆ ಸುದ್ದಿ ತಲಪಿಸುವುದು ಷಿಫ್ಟ್ ರಿಜಿಸ್ಟರ್ ಎಂಬ ಚಿಪ್ಪುಗಳ ಸರಪಳಿ. ಮನೆ ಕಟ್ಟುವಲ್ಲಿ ಆಳುಗಳು ಸಾಲಾಗಿ ನಿಂತು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೋಡಿದ್ದೀರಷ್ಟೆ. ಇದೂ ಹಾಗೆ. ಮೈಕ್ರೊಕಂಟ್ರೋಲರ್ ಒಂದು ತುದಿಯಲ್ಲಿ ‘ಹೊತ್ತು’, ‘ಆರು’ ಎಂಬ ಆಜ್ಞೆಗಳನ್ನು ಒಂದೊಂದಾಗಿ ತಳ್ಳುತ್ತದೆ. ಚಿಪ್ಪಿನಿಂದ ಚಿಪ್ಪಿಗೆ ಅವು ದಾಟುತ್ತ ಹೋಗುತ್ತವೆ. 80 ಆಜ್ಞೆಗಳೂ ತಂತಮ್ಮ ಸ್ಥಾನ ಸೇರಿದ ಮೇಲೆ ಒಂದು ಸಂಜ್ಞೆ ಕೊಟ್ಟರೆ ಇಡೀ ಸಾಲು ಒಮ್ಮೆಲೇ ಬೆಳಗುತ್ತದೆ. ಹೀಗಾಗಿ 560 ಬಿಂದುಗಳನ್ನು ಆಳಲು ಹತ್ತು ಹನ್ನೆರಡು ತಂತಿಗಳು ಸಾಕು.

ಹಾಗಾದರೆ ಅಕ್ಷರ ಓಡುವುದು? ಅದು ಓಡುವುದೇ ಇಲ್ಲ. ಪ್ರತಿ ಹೆಜ್ಜೆಗೂ ಚಿತ್ರವನ್ನು ಒಂದು ಕಂಬದಷ್ಟು ಎಡಕ್ಕೆ ಸರಿಸಿ ಹೊಸದಾಗಿ ಬರೆಯಲಾಗುತ್ತದೆ, ಅಷ್ಟೆ. ದೀಪಗಳು ಇದ್ದಲ್ಲೇ ಇರುತ್ತವೆ, ಆಜ್ಞೆಗಳು ಸರಿಯುತ್ತವೆ.

ಕೆಡುವುದು ಎಲ್ಲಿ?

ರಚನೆ ಇಷ್ಟು ತಿಳಿದರೆ ರೋಗಲಕ್ಷಣ ನೋಡಿಯೇ ರೋಗ ಹೇಳಬಹುದು. ಒಂದೇ ಒಂದು ಬಿಂದು ಕತ್ತಲಾಗಿದ್ದರೆ ಕೆಟ್ಟಿರುವುದು ಆ ಎಲ್‌ಇಡಿ ಅಥವಾ ಅದರ ಬೆಸುಗೆ. ಒಂದು ಅಡ್ಡಸಾಲು ಈ ತುದಿಯಿಂದ ಆ ತುದಿಯವರೆಗೆ ಕತ್ತಲಾಗಿದ್ದರೆ ಆ ಸಾಲಿಗೆ ವಿದ್ಯುತ್ ಕೊಡುವ ಟ್ರಾನ್ಸಿಸ್ಟರ್ ಹೋಗಿದೆ. ಫಲಕದ ಒಂದು ಭಾಗ ಸರಿಯಾಗಿದ್ದು, ಒಂದು ಹಂತದಿಂದ ಮುಂದಕ್ಕೆ ಎಲ್ಲವೂ ಕತ್ತಲೆ ಅಥವಾ ಕಲಸುಮೇಲೋಗರ ಎಂದಾದರೆ, ಆ ಹಂತದಲ್ಲಿರುವ ಷಿಫ್ಟ್ ರಿಜಿಸ್ಟರ್ ಕೈಕೊಟ್ಟಿದೆ. ಇಟ್ಟಿಗೆ ದಾಟಿಸುವ ಸಾಲಿನಲ್ಲಿ ಒಬ್ಬ ಎದ್ದುಹೋದರೆ ಅವನ ಮುಂದಿನವರಿಗೆಲ್ಲ ಕೈ ಖಾಲಿಯಲ್ಲವೆ?

ಇಡೀ ಫಲಕ ಮಂಕಾಗಿದ್ದರೆ, ಮಿಣಕುತ್ತಿದ್ದರೆ, ಮೊದಲು ಶಂಕಿಸಬೇಕಾದದ್ದು ವಿದ್ಯುತ್ ಪೂರೈಸುವ ಭಾಗವನ್ನು. ಅಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಒಳಗಿನ ದ್ರವ ವರ್ಷಾನುಗಟ್ಟಲೆ ಶಾಖಕ್ಕೆ ಒಣಗುತ್ತದೆ. ತಲೆ ಉಬ್ಬಿದ ಕೆಪಾಸಿಟರ್ ಕಣ್ಣಿಗೇ ಕಾಣುತ್ತದೆ. ಇದನ್ನು ಬದಲಿಸಲು ತಗಲುವ ಖರ್ಚು ಒಂದೆರಡು ಕಾಫಿಯಷ್ಟು.

ಇನ್ನು ಮರೆವಿನ ರೋಗ. ಸಂದೇಶವನ್ನು ನೆನಪಿಟ್ಟುಕೊಳ್ಳಲು ಹಳೆಯ ಫಲಕಗಳಲ್ಲಿ ಚಿಕ್ಕ ಬ್ಯಾಟರಿ ಇರುತ್ತಿತ್ತು. ಅದು ಸತ್ತರೆ ಕರೆಂಟು ಹೋದಾಗಲೆಲ್ಲ ಸಂದೇಶವೂ ಹೋಗುತ್ತದೆ. ಬ್ಯಾಟರಿ ಸೋರಿದರೆ ಸುತ್ತಲಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಕಾರ್ಯಕ್ರಮವನ್ನು ಬರೆದಿಟ್ಟ ಇಪ್ರಾಮ್ ಚಿಪ್ಪಿನಲ್ಲಿ ಅಕ್ಷರಶಃ ವಿದ್ಯುದಂಶವೇ ನೆನಪು. ದಶಕಗಳು ಕಳೆದಂತೆ ಅದು ಸೋರಿಹೋಗಬಹುದು. ಆ ಚಿಪ್ಪಿನ ನೆತ್ತಿಯ ಗಾಜಿನ ಕಿಟಕಿಗೆ ಅಂಟಿಸಿದ ಕಾಗದ ಉದುರಿ ಬಿಸಿಲು ಬಿದ್ದರೂ ನೆನಪು ಅಳಿಯುತ್ತದೆ.

ಎಷ್ಟೋ ಸಲ ಯಂತ್ರದಲ್ಲಿ ಯಾವ ದೋಷವೂ ಇರುವುದಿಲ್ಲ. ಸಂದೇಶ ಬದಲಿಸುವ ರಿಮೋಟ್ ಕಳೆದಿರುತ್ತದೆ. ಗುಪ್ತಪದ ಗೊತ್ತಿದ್ದ ಗುಮಾಸ್ತರು ನಿವೃತ್ತರಾಗಿರುತ್ತಾರೆ. ಸಂದೇಶ ತುಂಬುವ ತಂತ್ರಾಂಶ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ, ಆ ಕಂಪ್ಯೂಟರ್ ಎಂದೋ ಗುಜರಿ ಸೇರಿದೆ. ಹೀಗೆ ಯಾವುದೋ ವರ್ಷದ ದೀಪಾವಳಿಯ ಶುಭಾಶಯವನ್ನೇ ವರ್ಷವಿಡೀ ಹೇಳುತ್ತಿದ್ದ ಫಲಕ ಕೊನೆಗೆ ಬೇಸರಕ್ಕೆ ಆರಿಸಲ್ಪಡುತ್ತದೆ. ಇಂಥ ಸಂಗತಿಗಳಲ್ಲಿ ತಯಾರಕರ ಔದಾರ್ಯ ದೊಡ್ಡ ಮಾತು. ಅಮೆರಿಕದ ಮಿಲ್ವಾಕಿಯ ಅಡಾಪ್ಟಿವ್ ಮೈಕ್ರೊ ಸಿಸ್ಟಮ್ಸ್ ಸಂಸ್ಥೆ ತನ್ನ ಬೀಟಾಬ್ರೈಟ್, ಆಲ್ಫಾ ಫಲಕಗಳೊಡನೆ ಕಂಪ್ಯೂಟರ್ ಹೇಗೆ ಮಾತಾಡಬೇಕೆಂಬ ನಿಯಮಗಳನ್ನು ಪ್ರಕಟಿಸಿತ್ತು. ಹಾಗಾಗಿ ಆ ಫಲಕಗಳ ಮಿದುಳನ್ನು ತೆಗೆಯದೆಯೇ, ಹೊರಗಿನಿಂದ ಒಂದು ಚಿಕ್ಕ ಮೈಕ್ರೊಕಂಟ್ರೋಲರ್ ಜೋಡಿಸಿ ಹವ್ಯಾಸಿಗಳು ಇವತ್ತಿಗೂ ಅವನ್ನು ಮಾತಾಡಿಸುತ್ತಾರೆ. ಆ ಗುಟ್ಟನ್ನು ಬಿಟ್ಟುಕೊಡದ ತಯಾರಕರ ಫಲಕಗಳಿಗೆ ಮಿದುಳು ಬದಲಿಸುವುದೊಂದೇ ದಾರಿ.

ಹೊಸ ಮಿದುಳು ಕೂರಿಸುವುದು

ಈ ಕೆಲಸಕ್ಕೆ ಬೇಕಾದ ಮುಖ್ಯ ಆಯುಧ ತಾಳ್ಮೆ. ಎರಡನೆಯದು ಮಲ್ಟಿಮೀಟರ್. ಪೆಟ್ಟಿಗೆ ಬಿಚ್ಚುವ ಮೊದಲು ಪ್ಲಗ್ ಕೀಳಬೇಕು, ಕಿತ್ತ ಮೇಲೂ ಸ್ವಲ್ಪ ಹೊತ್ತು ಕಾಯಬೇಕು. ವಿದ್ಯುತ್ ಪೂರೈಸುವ ಭಾಗಕ್ಕೆ ಬರುವುದು 230 ವೋಲ್ಟ್. ಅದರ ದೊಡ್ಡ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಅಪಾಯಕಾರಿ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ತಿಳಿಯದವರು ಆ ಭಾಗವನ್ನು ಬಲ್ಲವರಿಗೇ ಬಿಡುವುದು ಲೇಸು. ದೀಪಗಳ ಕಡೆ ಇರುವುದು 5 ವೋಲ್ಟ್ ಮಾತ್ರ, ಅಲ್ಲಿ ಜೀವಭಯವಿಲ್ಲ.

ಆಮೇಲೆ ನಕ್ಷೆ ಬರೆಯುವ ಕೆಲಸ. ಚಿಪ್ಪುಗಳ ಬೆನ್ನ ಮೇಲೆ ಸಂಖ್ಯೆ ಇರುತ್ತದೆ. 595 ಎಂದೋ 164 ಎಂದೋ ಇದ್ದರೆ ಅದು ಷಿಫ್ಟ್ ರಿಜಿಸ್ಟರ್. ಅದರ ಯಾವ ಕಾಲು ಯಾವ ಕೆಲಸದ್ದು ಎಂಬ ವಿವರ ಎಲ್ಲರಿಗೂ ಸಿಗುತ್ತದೆ. ಮಲ್ಟಿಮೀಟರಿನ ಕಡ್ಡಿ ಇಟ್ಟು ಯಾವ ಗೆರೆ ಎಲ್ಲಿಗೆ ಹೋಗುತ್ತದೆಂದು ಹುಡುಕುತ್ತ ಹೋದರೆ ಆಜ್ಞೆ ತಳ್ಳುವ ತಂತಿ, ತಾಳ ಹಾಕುವ ತಂತಿ, ‘ಈಗ ಬೆಳಗು’ ಎನ್ನುವ ತಂತಿ, ಏಳು ಸಾಲುಗಳ ಏಳು ತಂತಿ ಸಿಕ್ಕುತ್ತವೆ. ಹಳೆಯ ಮಿದುಳನ್ನು ಅದರ ಕೂರುಮಣೆಯಿಂದ ನಿಧಾನವಾಗಿ ಎಬ್ಬಿಸಿ, ಅದೇ ತೂತುಗಳಿಗೆ ಹೊಸದರ ತಂತಿ ಕೊಟ್ಟರೆ ಮೂಲ ಫಲಕಕ್ಕೆ ಗಾಯವಾಗದು. ಬೇಕೆಂದಾಗ ಹಳೆಯದನ್ನು ಮರಳಿ ಕೂರಿಸಲೂಬಹುದು.

ಹೊಸ ಮಿದುಳುಗಳಿಗೆ ಬರವಿಲ್ಲ. ಇಟಲಿಯ ಇವ್ರಿಯಾ ಊರಿನ ವಿನ್ಯಾಸ ಶಾಲೆಯೊಂದರಲ್ಲಿ 2005ರಲ್ಲಿ ಹುಟ್ಟಿದ ಆರ್ಡುಯಿನೊ, ಎಂಜಿನಿಯರ್ ಅಲ್ಲದವರಿಗೂ ಈ ವಿದ್ಯೆಯ ಬಾಗಿಲು ತೆರೆಯಿತು. 2014ರಲ್ಲಿ ಚೀನಾದಿಂದ ಬಂದ ಇಎಸ್‌ಪಿ 8266 ಚಿಪ್ ವೈಫೈಯನ್ನೂ ಹೊತ್ತು ತಂದಿತು. 2021ರಲ್ಲಿ ಬಂದ ರಾಸ್ಪ್‌ಬೆರ್ರಿ ಪೈ ಪಿಕೊದ ಬೆಲೆ 4 ಡಾಲರ್. ಹಳೆಯ 8051 ಚಿಪ್ಪಿನೊಳಗೆ ಇದ್ದ ಕ್ಷಣಿಕ ಸ್ಮರಣೆ 128 ಬೈಟ್. ಪಿಕೊದಲ್ಲಿ ಅದು 264 ಕಿಲೊಬೈಟ್, ಅಂದರೆ ಎರಡು ಸಾವಿರ ಪಟ್ಟಿಗೂ ಹೆಚ್ಚು. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಇವು ಸುಲಭವಾಗಿ ಸಿಗುತ್ತವೆ.

ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಬಾರದು. ಮೊದಲನೆಯದು ವೋಲ್ಟೇಜಿನ ವಿಚಾರ. ಹೊಸ ಚಿಪ್ಪುಗಳು 3.3 ವೋಲ್ಟಿನಲ್ಲಿ ಮಾತಾಡುತ್ತವೆ. 5 ವೋಲ್ಟಿನಲ್ಲಿ ಕೆಲಸ ಮಾಡುವ ಎಚ್‌ಸಿ ಬಗೆಯ ಚಿಪ್ಪುಗಳಿಗೆ ‘ಹೌದು’ ಎಂದು ಕೇಳಿಸಬೇಕಾದರೆ 3.5 ವೋಲ್ಟ್ ಬೇಕು. ಮೇಜಿನ ಮೇಲೆ ಸರಿಯಾಗಿ ನಡೆದ ಫಲಕ ಗೋಡೆಗೆ ಏರಿದ ಮೇಲೆ ತೊದಲುವುದಕ್ಕೆ ಇದು ಕಾರಣವಾಗಬಹುದು. ನಡುವೆ ಎಚ್‌ಸಿಟಿ ಬಗೆಯ ಚಿಪ್ಪೊಂದನ್ನು ದುಭಾಷಿಯಾಗಿ ಇಟ್ಟರೆ ತೊಂದರೆ ನೀಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಪ್ರತಿ ಸಾಲೂ ಏಳರಲ್ಲಿ ಒಂದು ಪಾಲು ಹೊತ್ತು ಮಾತ್ರ ಬೆಳಗುವುದರಿಂದ, ಆ ಗಳಿಗೆಯಲ್ಲಿ ಅದಕ್ಕೆ ಹೆಚ್ಚು ವಿದ್ಯುತ್ ಹರಿಸಿ ಹೊಳಪು ತುಂಬಿರುತ್ತಾರೆ. ಕಾರ್ಯಕ್ರಮ ನಡುವೆ ಸಿಕ್ಕಿಕೊಂಡು ಒಂದೇ ಸಾಲು ಹೊತ್ತಿಕೊಂಡೇ ಉಳಿದರೆ ಆ ಸಾಲಿನ ಎಲ್‌ಇಡಿಗಳೂ ಟ್ರಾನ್ಸಿಸ್ಟರೂ ಸುಡಬಹುದು. ಕತ್ತಲ ಫಲಕದಲ್ಲಿ ಒಂದೇ ಸಾಲು ಝಗ್ಗನೆ ಹೊಳೆಯುವುದು ಶುಭಸೂಚನೆಯಲ್ಲ, ಕೂಡಲೇ ಆರಿಸಬೇಕಾದ ಅಪಾಯದ ಗುರುತು. ಕಾರ್ಯಕ್ರಮ ನಿಂತುಹೋದರೆ ತಾನಾಗಿ ಮತ್ತೆ ಆರಂಭಿಸುವ ಕಾವಲು ಟೈಮರ್ ಹೊಸ ಚಿಪ್ಪುಗಳಲ್ಲಿದೆ. ಅದನ್ನು ಬಳಸದೆ ಫಲಕವನ್ನು ಗೋಡೆಗೆ ಏರಿಸಬಾರದು.

ಏಳು ಸಾಲಿಗೆ ಹಿಡಿಸದ ಕನ್ನಡ

ಇಷ್ಟಾದರೆ ಹಳೆಯ ಫಲಕ ಹಳೆಯಂತೆ ನಡೆದೀತು. ಆದರೆ ಹಳೆಯಂತೆ ಎಂದರೆ ಇಂಗ್ಲಿಷಿನಲ್ಲಿ. ಇಲ್ಲಿಗೆ ನಮ್ಮ ನಿಜವಾದ ಸಮಸ್ಯೆ ಶುರುವಾಗುತ್ತದೆ.

ಇಂಗ್ಲಿಷಿನ ದೊಡ್ಡಕ್ಷರಕ್ಕೆ ಅಗಲ 5, ಎತ್ತರ 7 ಬಿಂದುಗಳು ಸಾಕು. ಏಳು ಸಾಲಿನ ಫಲಕ ಹುಟ್ಟಿದ್ದೇ ಈ ಲೆಕ್ಕದಿಂದ. ಒಂದು ಕಂಬಕ್ಕೆ ಒಂದು ಬೈಟ್, ಒಂದು ಅಕ್ಷರಕ್ಕೆ 5 ಬೈಟ್. ಅಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿ 96 ಎಂದರೂ 480 ಬೈಟಿನಲ್ಲಿ ಇಡೀ ಲಿಪಿ ಮುಗಿಯಿತು. 8051ರ 4 ಕಿಲೊಬೈಟ್ ಕಾರ್ಯಕ್ರಮದ ಜಾಗದಲ್ಲಿ ಅದೊಂದು ಮೂಲೆ.

ಕನ್ನಡದ ಲೆಕ್ಕ ಬೇರೆ. 34 ವ್ಯಂಜನಗಳಿಗೆ ಕಾಗುಣಿತ ಕೂಡಿಸಿದರೇ ನಾನೂರು ದಾಟುತ್ತದೆ. ಅದಕ್ಕೆ ಒತ್ತಕ್ಷರ ಸೇರಿದರೆ ಸಾವಿರಾರು. ಸಂಖ್ಯೆಗಿಂತಲೂ ಕಷ್ಟದ್ದು ಎತ್ತರ. ತಲೆಕಟ್ಟು ಮೇಲೆ, ಗುಡಿಸು ಅದರ ಮೇಲೆ, ಒತ್ತು ಕೆಳಗೆ. ಏಳು ಸಾಲಿನಲ್ಲಿ ಮೈ ಬರೆದರೆ ಒತ್ತಿಗೆ ಜಾಗವಿಲ್ಲ, ಒತ್ತಿಗೆ ಜಾಗ ಬಿಟ್ಟರೆ ಮೈ ಕಾಣದು. ಕೆಳಗಿನ ಸಾಲುಗಳಿಲ್ಲದೆ ‘ಅನ್ನ’ ಬರೆದರೆ ‘ಅನ’ ಆಗುತ್ತದೆ, ‘ಕನ್ನಡ’ವೇ ‘ಕನಡ’ ಆಗುತ್ತದೆ. ಇನ್ನು ಮಹಾಪ್ರಾಣದ ಸೀಳು. ಚಿಕ್ಕ ಅಳತೆಯಲ್ಲಿ ಅದು ಒಂದೇ ಬಿಂದು. ಆ ಬಿಂದು ಆರಿದರೆ ಸಹಕಾರ ಸಂಘದ ಫಲಕದ ಮೇಲಿನ ‘ಧನ’ ‘ದನ’ವಾಗಿ ಓಡುತ್ತದೆ. ಇಂಗ್ಲಿಷಿನಲ್ಲಿ ಒಂದು ಬಿಂದು ಹೋದರೆ ಅಕ್ಷರ ಕುರೂಪವಾದೀತು. ಕನ್ನಡದಲ್ಲಿ ಅರ್ಥವೇ ಬದಲಾದೀತು.

ತಾಳೆಗರಿಯ ಮೇಲೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆಂದು ನಮ್ಮ ಲಿಪಿ ದುಂಡಗಾಯಿತು ಎಂದು ಹೇಳುವುದುಂಟು. ಎಲ್‌ಇಡಿ ಫಲಕದ ಸ್ವಭಾವ ಇದಕ್ಕೆ ತದ್ವಿರುದ್ಧ. ಅದಕ್ಕೆ ನೇರ ಗೆರೆಯೇ ಇಷ್ಟ, ದುಂಡು ಕಷ್ಟ. ಕನ್ನಡ ಓದಲು ಹಿತವಾಗಬೇಕಾದರೆ 16 ಸಾಲುಗಳ ಫಲಕ ಬೇಕು. ನಮ್ಮ ಬಸ್ಸುಗಳ ಹಣೆಯ ಮೇಲೆ ಊರಿನ ಹೆಸರು ಕನ್ನಡದಲ್ಲಿ ಚೆನ್ನಾಗಿ ಕಾಣುವುದು ಅಲ್ಲಿ ಸಾಲುಗಳು ಹೆಚ್ಚಿರುವುದರಿಂದ. ಅಗ್ಗದ ಏಳು ಸಾಲಿನ ಫಲಕಗಳು ಬಂದ ಕಡೆಯಲ್ಲೆಲ್ಲ ಕನ್ನಡ ಹಿಂದೆ ಸರಿಯಿತು. ಇಲ್ಲವೆ ‘ಸುಸ್ವಾಗತ’ ಇಂಗ್ಲಿಷ್ ಅಕ್ಷರಗಳಲ್ಲಿ ಓಡಿತು. ಅಂಗಡಿಯ ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಬೇಕೆಂದು ನಮ್ಮ ರಾಜ್ಯ 2024ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು. ನಿಂತ ಅಕ್ಷರಗಳ ಬಗ್ಗೆ ನಡೆದಷ್ಟು ಚರ್ಚೆ ಓಡುವ ಅಕ್ಷರಗಳ ಬಗ್ಗೆ ನಡೆದದ್ದು ಕಡಿಮೆ.

ಕಲ್ಲಚ್ಚಿನ ಪಾಠ

ಇದಕ್ಕೆ ಪರಿಹಾರವುಂಟು. ಅದರ ಮಾದರಿ ನಮ್ಮ ಮುದ್ರಣದ ಇತಿಹಾಸದಲ್ಲೇ ಇದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಬಂದಾಗ ಅದನ್ನು ಅಚ್ಚು ಹಾಕಿದ್ದು ಮೊಳೆಗಳಿಂದಲ್ಲ, ಕಲ್ಲಚ್ಚಿನಿಂದ. ಕಲ್ಲಚ್ಚಿನಲ್ಲಿ ಅಕ್ಷರಗಳನ್ನು ಜೋಡಿಸುವ ಗೋಜಿಲ್ಲ. ಕೈಯಲ್ಲಿ ಬರೆದ ಇಡೀ ಪುಟವೇ ಒಂದು ಚಿತ್ರ. ಒತ್ತು ಎಷ್ಟಿದ್ದರೂ ಕಲ್ಲಿಗೆ ಅದರ ಪರಿವೆಯಿಲ್ಲ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಮೊಳೆಯಚ್ಚನ್ನು ಸೇರಿತು.

ಫಲಕಕ್ಕೂ ಈ ಎರಡೇ ದಾರಿ. ಮೊಳೆಯ ದಾರಿಯಲ್ಲಿ ಅಕ್ಷರದ ಮೈ, ಕಾಗುಣಿತದ ಚಿಹ್ನೆ, ಒತ್ತು ಇವುಗಳನ್ನು ಬಿಡಿಬಿಡಿಯಾಗಿ ಮೈಕ್ರೊಕಂಟ್ರೋಲರಿನಲ್ಲಿ ಇಟ್ಟು ಅಲ್ಲಿಯೇ ಕೂಡಿಸಬೇಕು. ಕಲ್ಲಚ್ಚಿನ ದಾರಿ ಇನ್ನೂ ಸುಲಭದ್ದು. ನಮ್ಮ ಮೊಬೈಲಿಗೆ ಕನ್ನಡ ಬರೆಯಲು ಬರುತ್ತದೆ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಒತ್ತನ್ನು ಎಲ್ಲಿ ಕೂರಿಸಬೇಕು, ಅರ್ಕಾವತ್ತನ್ನು ಎಲ್ಲಿ ಇಡಬೇಕು ಎಂಬ ವಿವೇಕವೆಲ್ಲ ಮೊಬೈಲಿನಲ್ಲಿದೆ. ಅಲ್ಲಿ ವಾಕ್ಯವನ್ನು ಬರೆದು, ಅದನ್ನು ಚಿಕ್ಕ ಚಿತ್ರವಾಗಿ ಮಾಡಿ, ಹೊತ್ತುವ ಬಿಂದು ಯಾವುದು, ಆರುವ ಬಿಂದು ಯಾವುದು ಎಂಬುದನ್ನಷ್ಟೇ ವೈಫೈ ಮೂಲಕ ಫಲಕಕ್ಕೆ ಕಳಿಸಿದರಾಯಿತು. ಫಲಕಕ್ಕೆ ಕನ್ನಡ ಗೊತ್ತಿರಬೇಕಿಲ್ಲ. 14 ಸಾಲಿನ ಫಲಕದಲ್ಲಿ ಕಂಬಕ್ಕೆ 2 ಬೈಟ್. 600 ಕಂಬಗಳಷ್ಟು ಉದ್ದದ ಸಂದೇಶಕ್ಕೆ 1,200 ಬೈಟ್. ಇಂದಿನ ಚಿಪ್ಪಿಗೆ ಇದು ಹೊರೆಯೇ ಅಲ್ಲ.

14 ಸಾಲು ಎಲ್ಲಿಂದ ಬಂತು? ಏಳು ಸಾಲಿನ ಎರಡು ಹಳೆಯ ಫಲಕಗಳಿಂದ. ಅವುಗಳ ಚೌಕಟ್ಟು ಕಳಚಿ, ದೀಪದ ಹಲಗೆಗಳನ್ನು ನಡುವೆ ಸಂದು ಕಾಣದಂತೆ ಒಂದರ ಕೆಳಗೊಂದು ಜೋಡಿಸಿದರೆ ಮೇಲಿನ ಏಳರಲ್ಲೂ ಕೆಳಗಿನ ಒಂದೆರಡರಲ್ಲೂ ಅಕ್ಷರದ ಮೈ, ಉಳಿದವುಗಳಲ್ಲಿ ಒತ್ತು. ಇಕ್ಕಟ್ಟು ನಿಜ, ಆದರೆ ಓದಬಹುದು. ಯಂತ್ರ ತಾನಾಗಿ ಕುಗ್ಗಿಸಿದ ಅಕ್ಷರದಲ್ಲಿ ‘ಧ’ದ ಸೀಳು ಮುಚ್ಚಿಹೋಗುವುದುಂಟು. ಅಂಥ ಕಡೆ ಚೌಕುಳಿ ಕಾಗದದ ಮೇಲೆ ಕೈಯಿಂದಲೇ ಬಿಂದು ತುಂಬಿ ತಿದ್ದಬೇಕು. ರಂಗೋಲಿಯ ಚುಕ್ಕಿ ಎಣಿಸಿ ಬಲ್ಲವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ.

ಒಗ್ಗೂಡಿಸಿದ ಇಂಥ ಫಲಕ ಏನೇನು ಹೇಳಬಹುದು? ಹಾಲಿನ ಡೇರಿಯಲ್ಲಿ ಇಂದಿನ ದರ, ಗ್ರಾಮ ಗ್ರಂಥಾಲಯಕ್ಕೆ ಬಂದ ಹೊಸ ಪುಸ್ತಕ, ಶಾಲೆಯ ಪರೀಕ್ಷೆಯ ದಿನ, ಲಸಿಕೆ ಹಾಕುವ ವೇಳೆ, ಕಡೆಯ ಬಸ್ಸಿನ ಸಮಯ. ಇವೆಲ್ಲ ಊರಿನವರಿಗೆ ಬೇಕಾದ, ಊರಿನ ನುಡಿಯಲ್ಲೇ ಇರಬೇಕಾದ ಮಾತುಗಳು. ವೈಫೈ ಕೊಟ್ಟ ಮೇಲೆ ಗುಪ್ತಪದವನ್ನು ಬದಲಿಸಲು ಮಾತ್ರ ಮರೆಯಬಾರದು. ಇಲ್ಲವಾದರೆ ಪಂಚಾಯ್ತಿಯ ಫಲಕದಲ್ಲಿ ತುಂಟ ಹುಡುಗರ ಸಂದೇಶ ಓಡೀತು.

ತೇರಿನ ಗಾಲಿ

ಹೊಸ ಫಲಕವೇ ಅಗ್ಗಕ್ಕೆ ಸಿಗುವಾಗ ಇಷ್ಟು ಶ್ರಮ ಯಾಕೆ ಎಂದು ಕೇಳಬಹುದು. ಹಣದ ಲೆಕ್ಕವೊಂದನ್ನೇ ಹಾಕಿದರೆ ಈ ಪ್ರಶ್ನೆ ಸರಿ. ಆದರೆ ಗುಜರಿಯ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಹಳೆಯ ಫಲಕದ ಬೆಸುಗೆಯಲ್ಲಿ ಸೀಸವಿದೆ, ಹಳೆಯ ಕೆಂಪು ಎಲ್‌ಇಡಿಯ ಹರಳಿನಲ್ಲಿ ಆರ್ಸೆನಿಕ್ ಸೇರಿದೆ. ತಾಮ್ರಕ್ಕಾಗಿ ಅದನ್ನು ಬಯಲಲ್ಲಿ ಸುಟ್ಟರೆ ಹೊಗೆ ಕುಡಿಯುವವರು ಗುಜರಿ ಆಯುವವರೇ. ನಮ್ಮ ದೇಶದಲ್ಲಿ ಇ-ತ್ಯಾಜ್ಯದ ಹೊಸ ನಿಯಮಗಳು 2022ರಲ್ಲಿ ಬಂದು 2023ರ ಏಪ್ರಿಲ್‌ನಿಂದ ಜಾರಿಯಾಗಿವೆ. ಆದರೂ ಸುಡದೆ ಇರುವ ಎಲ್ಲಕ್ಕಿಂತ ಒಳ್ಳೆಯ ದಾರಿ, ಎಸೆಯದೆ ಇರುವುದು.

ಎರಡನೆಯ ಕಾರಣ ವಿದ್ಯೆಯದು. ಇಂದಿನ ಟಿ.ವಿ. ಪರದೆ ಬಿಚ್ಚಿದರೆ ಕಲಿಯಲು ಕಣ್ಣಿಗೆ ಏನೂ ಕಾಣುವುದಿಲ್ಲ. ಏಳು ಸಾಲಿನ ಫಲಕದಲ್ಲಿ ಪ್ರತಿ ಗೆರೆಯೂ ಕಾಣುತ್ತದೆ, ಪ್ರತಿ ತಪ್ಪಿಗೂ ಒಂದು ಲಕ್ಷಣವಿದೆ. ಪಿ.ಯು. ವಿದ್ಯಾರ್ಥಿಯೊಬ್ಬ ಅದನ್ನು ಸರಿಪಡಿಸುವುದರಲ್ಲಿ ಕಲಿಯುವ ಪಾಠ ಪುಸ್ತಕದ ಹತ್ತು ಪುಟಕ್ಕಿಂತ ಹೆಚ್ಚು.

ಮೂರನೆಯದು ನೆನಪಿನದು. ಅಮೆರಿಕದ ಕಲಾವಿದೆ ಜೆನ್ನಿ ಹೋಲ್ಜರ್ 1989ರಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್ ವಸ್ತುಸಂಗ್ರಹಾಲಯದ ಸುರುಳಿ ಹಾದಿಯುದ್ದಕ್ಕೂ ಎಲ್‌ಇಡಿ ಅಕ್ಷರಗಳನ್ನು ಓಡಿಸಿದ್ದರು. 2024ರಲ್ಲಿ ಅದೇ ಕೃತಿಯನ್ನು ಅಲ್ಲಿ ಹೊಸ ರೂಪದಲ್ಲಿ ಮತ್ತೆ ಕಟ್ಟಲಾಯಿತು. ವಾಣಿಜ್ಯದ ಫಲಕ ಕಲೆಯಾದಾಗ, ಅದನ್ನು ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಯೂ ಬರುತ್ತದೆ. ದೀಪ ಹಳೆಯದು, ಮಿದುಳು ಹೊಸದು ಎಂದಾದರೆ ಅದು ಅದೇ ಫಲಕವೆ? ನಮ್ಮ ಊರುಗಳಿಗೆ ಈ ಪ್ರಶ್ನೆ ಹೊಸದಲ್ಲ. ತೇರಿನ ಗಾಲಿ ಸವೆದರೆ ಬದಲಿಸುತ್ತಾರೆ, ಅಚ್ಚು ಮುರಿದರೆ ಹೊಸದು ಹಾಕುತ್ತಾರೆ. ತೇರು ಬೇರೆಯಾಯಿತೆಂದು ಯಾರೂ ಹೇಳುವುದಿಲ್ಲ. ವರ್ಷಕ್ಕೊಮ್ಮೆ ಅದು ಬೀದಿಯಲ್ಲಿ ಹರಿದರೆ ಸಾಕು, ಅದು ಅದೇ ತೇರು.

ಅಟ್ಟದ ಮೇಲೆ ಅಂಥದೊಂದು ಕಪ್ಪು ಪೆಟ್ಟಿಗೆ ಇದ್ದರೆ, ತೂಕಕ್ಕೆ ಹಾಕುವ ಮೊದಲು ಅದರ ಬೆನ್ನು ಬಿಚ್ಚಿ ಒಮ್ಮೆ ನೋಡಬಹುದು. ಐನೂರು ಅರವತ್ತು ದೀಪಗಳಲ್ಲಿ ಬಹುಪಾಲು ಇನ್ನೂ ಬದುಕಿರುತ್ತವೆ. ಒಮ್ಮೆಯೂ ಕನ್ನಡದಲ್ಲಿ ಮಾತಾಡದೆ ಸುಮ್ಮನಾದ ಫಲಕ ಅದಾಗಿದ್ದರೆ, ಅದರಲ್ಲಿ ಒತ್ತಕ್ಷರಸಹಿತ ಒಂದು ಕನ್ನಡ ಮಾತು ಓಡುವುದನ್ನು ನೋಡುವ ಸಂತೋಷಕ್ಕೆ ಒಂದು ಭಾನುವಾರವನ್ನು ಕೊಡಬಹುದು.